ಗಾದೆಯ ತುಘಲಕ್, ರಂಗದ ತುಘಲಕ್

‘ತುಘಲಕ್ ದರ್ಬಾರು’ ಎಂಬ ಮಾತು ಕನ್ನಡದಲ್ಲಿ ಗಾದೆಯಷ್ಟೇ ಬಳಕೆಯಲ್ಲಿದೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ನೋಡಲು ಬರುವ ಹಲವರು ಈ ಗಾದೆಯನ್ನು ಕಟ್ಟಿಕೊಂಡೇ ಬರುತ್ತಾರೆ. ಆದರೆ ರಂಗದ ಮೇಲಿನ ಸುಲ್ತಾನ ಹುಚ್ಚನಲ್ಲ. ವಿದ್ವಾಂಸ, ಕನಸುಗಾರ, ತನ್ನ ಮೇಲಿನ ದಾವೆಯಲ್ಲಿ ಸೋತು ನ್ಯಾಯಕ್ಕೆ ತಲೆಬಾಗುವವನು. ಅಂಥವನೇ ಕ್ರೂರಿಯಾಗುವುದು ನಾಟಕದ ದುರಂತ.

ನಮ್ಮ ಹವ್ಯಾಸಿ ಬಳಗ ಇದನ್ನು ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಆಡಿದಾಗ ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಗಮನಿಸಿದೆ. ಕೊಚ್ಚಿಯ ವ್ಯಾಪಾರಿ ಬಂಧುಗಳು ತಾಮ್ರದ ನಾಣ್ಯದ ಪ್ರಸ್ತಾಪಕ್ಕೆ ಮನಸಾರೆ ನಕ್ಕರು. ತಿರುವನಂತಪುರದಲ್ಲಿ ಸರಕಾರಿ ನೌಕರರೇ ಹೆಚ್ಚು. ದೆಹಲಿಯಿಂದ ದೌಲತಾಬಾದಿಗೆ ಹೊರಡಬೇಕೆಂಬ ಆಜ್ಞೆ ಕೇಳಿ, ವರ್ಗಾವಣೆಯ ಕಾಗದ ನೆನಪಾಗಿ, ಚಪ್ಪಾಳೆ ತಟ್ಟಿದರು. ಕೆಲವರು ಸುಲ್ತಾನನಲ್ಲಿ ತಮಗಾಗದ ಪಕ್ಷದ ನಾಯಕರನ್ನು ಕಂಡರು. ಇದೆಲ್ಲ ಸಹಜವೇ. ಆದರೆ ಹಿರಿಯರೊಬ್ಬರು, ‘ಆ ಮತದ ದೊರೆಗಳೆಲ್ಲ ಹೀಗೆಯೇ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ನನ್ನನ್ನು ಚಿಂತೆಗೀಡುಮಾಡಿತು.

ಈ ನಾಟಕವನ್ನು ಒಂದೊಂದು ತಲೆಮಾರು ಒಂದೊಂದು ಬಗೆಯಲ್ಲಿ ಓದಿದೆ. 1972ರ ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಯು. ಆರ್. ಅನಂತಮೂರ್ತಿಯವರು ಇದರಲ್ಲಿ ನೆಹರೂ ಯುಗದ ಆದರ್ಶ ಕಳೆದ ಮೇಲಿನ ಭ್ರಮನಿರಸನವನ್ನು ಗುರುತಿಸಿದರು. 1975ರ ತುರ್ತುಪರಿಸ್ಥಿತಿಯನ್ನು ಕಂಡವರು ಮತ್ತೊಂದು ಅರ್ಥ ಹಚ್ಚಿದರು. ನೆರೆಯ ತಮಿಳಿನಲ್ಲಿ ಚೋ ರಾಮಸ್ವಾಮಿಯವರು 1968ರಲ್ಲಿ ಇದೇ ಸುಲ್ತಾನನನ್ನು ರಾಜಕೀಯ ವಿಡಂಬನೆಗೆ ಬಳಸಿಕೊಂಡರು. ಕಾರ್ನಾಡರ ನಾಟಕದಲ್ಲಿ ಸುಲ್ತಾನನನ್ನು ಖಂಡಿಸುವ ಶೇಖ್ ಇಮಾಮುದ್ದೀನನೂ ಮುಸಲ್ಮಾನ. ಬ್ರಾಹ್ಮಣವೇಷ ತೊಟ್ಟು ಲಾಭ ಗಿಟ್ಟಿಸುವ ಅಗಸ ಅಜೀಜನೂ ಮುಸಲ್ಮಾನ. ಇಲ್ಲಿ ವಿಚಾರಣೆಗೆ ಒಳಗಾಗಿರುವುದು ಮತವಲ್ಲ, ಪ್ರಶ್ನಿಸುವವರಿಲ್ಲದ ಅಧಿಕಾರ.

ಈ ಸುಲ್ತಾನ ನಮಗೂ ಮಲಯಾಳಿಗಳಿಗೂ ದೂರದವನಲ್ಲ. 1327ರಲ್ಲಿ ನಮ್ಮ ಕಂಪಿಲಿ ಬಿದ್ದದ್ದು ಅವನ ಸೇನೆಯಿಂದ. ಅವನ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಇಬ್ನ್ ಬತೂತನ ಹಡಗು ಕೋಳಿಕ್ಕೋಡಿನ ಬಳಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ಹಿನ್ನೀರಿನ ದಾರಿಯಲ್ಲಿ ಕೊಲ್ಲಂ ತಲುಪಿದ ಅವನು ದೆಹಲಿಗೆ ಮರಳಲು ಅಂಜಿದ. ಕಾಣಿಕೆಗಳನ್ನು ಬಿಟ್ಟೇಕೆ ದಡದಲ್ಲಿ ಉಳಿದೆ ಎಂದು ದೊರೆ ಕೇಳಿದರೆ ಉತ್ತರವಿರಲಿಲ್ಲ. ಗಾಳಿ ಮಾಡಿದ ಅನಾಹುತವನ್ನೂ ವರದಿ ಮಾಡಲು ಹೆದರಬೇಕಾದ ಆಡಳಿತ ಎಂಥದು! ಕೇಂದ್ರ ಸರಕಾರದ ಕಡತಗಳ ನಡುವೆ ಬಾಳಿದ ನಾನು ಬಲ್ಲೆ: ‘ಇದು ಸಾಧುವಲ್ಲ’ ಎಂದು ಟಿಪ್ಪಣಿ ಬರೆಯುವ ಕೈಗಳು ಅಪರೂಪವಾದಾಗ, ಸದುದ್ದೇಶದ ಆದೇಶವೂ ಜನರ ಪಾಲಿಗೆ ಶಾಪವಾಗುತ್ತದೆ.

‘ರಾಜ್ಯೋತ್ಸವಕ್ಕೆ ನಗೆನಾಟಕ ಸಾಲದೆ? ಮಕ್ಕಳಿಗೆ ಈ ಕನ್ನಡ ತಿಳಿದೀತೆ?’ ಎಂದು ಕೇಳುವವರಿದ್ದಾರೆ. ಅಜೀಜನ ಮಾತುಗಳಿಗೆ ಎಲ್ಲರಿಗಿಂತ ಮೊದಲು ನಕ್ಕವರು ಮಕ್ಕಳೇ. ಆದ್ದರಿಂದ ಇಂಥ ನಾಟಕಗಳನ್ನು ಬಿಡುವುದು ಬೇಡ. ಪ್ರಯೋಗದ ನಂತರ ಅರ್ಧ ಗಂಟೆ ಮಾತುಕತೆ ಸೇರಿಸೋಣ, ಮಲಯಾಳಿ ಮಿತ್ರರನ್ನೂ ಕರೆಯೋಣ. ಆ ಹಿರಿಯರ ಮಾತಿಗೆ ಉತ್ತರ ಅಲ್ಲಿ, ಎಲ್ಲರ ಎದುರಿನಲ್ಲಿ, ಗೌರವದಿಂದ ದೊರೆಯಲಿ. ಹೊರನಾಡಿನಲ್ಲಿ ನೆರೆಯವರ ವಿಶ್ವಾಸದಿಂದ ಬಾಳುತ್ತಿರುವ ನಮಗೆ ಒಂದು ಸಮುದಾಯವನ್ನು ಒಂದೇ ಮಾತಿನಲ್ಲಿ ಅಳೆಯುವುದು ಶೋಭಿಸದು.