ಎಐ ಓದುವ ಪುಟದಲ್ಲಿ ನಮ್ಮ ಹಕ್ಕು ಉಂಟಾ?



"ಕಾಸರಗೋಡಿನ ಸರ್ಕಾರಿ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದಾ?" ಈ ಪ್ರಶ್ನೆಯನ್ನು ನಮ್ಮ ಹುಡುಗರು ಈಗ ಮೊದಲು ಕೇಳುವುದು ಎಐಯನ್ನು. ಕೇಳಲಿ, ತಪ್ಪಲ್ಲ. ಆದರೆ ಅದು ಉತ್ತರ ಎಲ್ಲಿಂದ ತರ್ತದೆ, ಹೇಗೆ ತರ್ತದೆ ಅಂತ ಗೊತ್ತಿಲ್ಲದಿದ್ದರೆ ಇರುವ ಹಕ್ಕನ್ನೂ ಇಲ್ಲ ಅಂತ ನಂಬಿಬಿಡ್ತೇವೆ.

ಎಐ ತಾನಾಗಿಯೇ ಇಂಟರ್ನೆಟ್ ಓದುವುದಿಲ್ಲ. ಪುಟ ತಂದುಕೊಡಲು ಅದಕ್ಕೊಂದು ಸಾಧನ ಬೇಕು. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಎಂಸಿಪಿ ಎಂಬ ಮುಕ್ತ ಮಾನದಂಡ ಹೊರತಂದಿತು. ಆ ಯೋಜನೆಯ ಮಾದರಿ ಸಾಧನಗಳಲ್ಲಿ ಒಂದರ ಹೆಸರು ‘ಫೆಚ್’. ಇದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದರ ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ. ಸಾರಾಂಶ ಇಷ್ಟೇ. ನಾವು ಕೊಡಬೇಕಾದ ಸೂಚನೆ ನಾಲ್ಕು:

1. ಪುಟದ ವಿಳಾಸ. ಇದೊಂದೇ ಕಡ್ಡಾಯ.
2. ಎಷ್ಟು ಅಕ್ಷರ ಬೇಕು. ಏನೂ ಹೇಳದಿದ್ದರೆ 5000ಕ್ಕೆ ನಿಲ್ತದೆ.
3. ಎಲ್ಲಿಂದ ಶುರು ಮಾಡಬೇಕು. ಪಾಸ್‌ಬುಕ್ಕಿನಲ್ಲಿ ಹಿಂದಿನ ಎಂಟ್ರಿ ಮುಗಿದ ಸಾಲಿನಿಂದ ಪ್ರಿಂಟ್ ಮುಂದುವರಿಸಿದ ಹಾಗೆ.
4. ಪುಟದ ಕೋಡ್ ಇದ್ದ ಹಾಗೇ ಬೇಕಾ, ಅಥವಾ ಸರಳ ಪಠ್ಯ ಸಾಕಾ. ಹೇಳದಿದ್ದರೆ ಸರಳ ಪಠ್ಯವೇ.

ಈಗ ಇದನ್ನು ಕನ್ನಡಕ್ಕೆ ಹಚ್ಚಿ ನೋಡಿ. ‘ಕನ್ನಡ’ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಒತ್ತಕ್ಷರ ಬಿಡಿಸಿ ಎಣಿಸುವ ಯಂತ್ರಕ್ಕೆ ಐದು. ಹಾಗಾಗಿ 5000 ಅಂದರೆ ಕನ್ನಡದಲ್ಲಿ ಸುಮಾರು 500–600 ಪದ ಮಾತ್ರ. ಉದ್ದದ ಆದೇಶವಾದರೆ ಪೀಠಿಕೆ ಓದುವಷ್ಟರಲ್ಲೇ ಕತ್ತರಿ ಬೀಳ್ತದೆ, ಷರತ್ತುಗಳು ಹೊರಗೇ ಉಳಿತಾವೆ. "ಉಳಿದ ಭಾಗವನ್ನೂ ತಂದು ಓದು" ಅಂತ ಹೇಳುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನೂ ದೊಡ್ಡ ಸಮಸ್ಯೆ ಬೇರೆ ಉಂಟು. ಆದೇಶದ ಫೋಟೋ ತೆಗೆದು ಪಿಡಿಎಫ್ ಮಾಡಿ ಹಾಕಿದರೆ ಈ ಸಾಧನ ಅದರೊಳಗಿನ ಅಕ್ಷರ ಓದುವುದಿಲ್ಲ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ನಮಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಲಾಗಿನ್ ಕೇಳುವ ಪುಟದ ಒಳಗೆ ಅದು ಹೋಗಲಾರದು. ಸೈಟಿನ ‘ರೋಬೋಟ್ಸ್’ ಕಡತದಲ್ಲಿ ಬೇಡ ಅಂತ ಬರೆದಿದ್ದರೆ ಎಐ ತಾನಾಗಿ ಕಳಿಸಿದ ಕೋರಿಕೆಯಲ್ಲಿ ಅಲ್ಲಿಂದಲೇ ವಾಪಸ್ ಬರ್ತದೆ.

ಆಗ ಏನಾಗ್ತದೆ? ಓದಲು ಸಿಗುವ ಇಂಗ್ಲಿಷ್, ಮಲಯಾಳ, ತಮಿಳು, ಮರಾಠಿ, ತೆಲುಗು ಪುಟಗಳ ಮೇಲೆಯೇ ಉತ್ತರ ಕಟ್ಟಲಾಗ್ತದೆ. ರಾಜ್ಯಭಾಷೆಯ ನಿಯಮ ಪೂರ್ತಿ ಸಿಗ್ತದೆ, ಅಲ್ಪಸಂಖ್ಯಾತರಿಗೆ ಕೊಟ್ಟ ವಿನಾಯಿತಿ ಸಿಗುವುದಿಲ್ಲ. ನಮಗೆ ಹಾನಿ ಆಗುವುದು ಇಲ್ಲೇ.

ಯಾಕೆಂದರೆ ಹಕ್ಕುಗಳು ಕಾಗದದಲ್ಲಿ ಉಂಟು. ಸಂವಿಧಾನದ 350ನೇ ವಿಧಿ ಪ್ರಕಾರ ಕೇಂದ್ರದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು. 1956ರ 7ನೇ ತಿದ್ದುಪಡಿಯಲ್ಲಿ ಬಂದ 350ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳ್ತದೆ. 350ಬಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಬಗ್ಗೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರದೊಂದಿಗೆ ಪತ್ರ ವ್ಯವಹಾರ ಮಾಡುವ ಅವಕಾಶ ಉಂಟು; ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಣೆಯಾದ ಕಡೆ ಸ್ಥಳೀಯ ಕಚೇರಿಗಳಿಗೂ ಇದು ಅನ್ವಯ. ಇದನ್ನು ಮೊದಲ ಸಾಲಿನಲ್ಲೇ ಹೇಳುವ ಕನ್ನಡ ಪುಟಗಳು ಎಷ್ಟು ಉಂಟು, ನೀವೇ ಹುಡುಕಿ ನೋಡಿ.

ಸರ್ಕಾರಗಳಿಗೆ ನಮ್ಮ ಒತ್ತಾಯ: ಭಾಷಾ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ಆದೇಶಗಳನ್ನು ಸ್ಕ್ಯಾನ್ ಪ್ರತಿಯ ಜೊತೆಗೆ ಯುನಿಕೋಡ್ ಕನ್ನಡ ಪಠ್ಯವಾಗಿಯೂ ಹಾಕಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಒಬ್ಬ ಟೈಪಿಸ್ಟ್ ಸಾಕು.

ಆದರೆ ಅಲ್ಲಿಯ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ, ಎಲ್ಲ ಕಡೆಯೂ ಕನ್ನಡ ಟೈಪ್ ಮಾಡಬಲ್ಲ ಯುವಕ, ಯುವತಿಯರಿದ್ದಾರೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಸುತ್ತುವ ಒಂದು ಆದೇಶ ಹಿಡಿಯಿರಿ. ಸಂಖ್ಯೆ, ದಿನಾಂಕ, ಇಲಾಖೆ, ವಿಷಯ ತಪ್ಪಿಲ್ಲದೆ ಯುನಿಕೋಡಿನಲ್ಲಿ ಟೈಪ್ ಮಾಡಿ, ಲಾಗಿನ್ ಬೇಡದ ಕಡೆ ಹಾಕಿ. ಮುಖ್ಯ ವಿಷಯ ಮೊದಲ ಪ್ಯಾರಾದಲ್ಲೇ ಬರಲಿ. ಕಂಪ್ಯೂಟರ್ ಕಲಿತವರು ಇಂಥ ಸಾಧನಗಳ ಕೈಪಿಡಿಯನ್ನು ಕನ್ನಡಕ್ಕೆ ತನ್ನಿ.

ಒಂದು ಎಚ್ಚರಿಕೆ. ತಂದ ಪುಟದಲ್ಲಿ ಎಐಯನ್ನು ದಾರಿ ತಪ್ಪಿಸುವ ಮಾತೂ ಅಡಗಿರಬಹುದು. ಈ ಸಾಧನ ನಿಮ್ಮ ಆಫೀಸಿನ ಒಳಗಿನ ನೆಟ್‌ವರ್ಕಿನ ವಿಳಾಸಗಳನ್ನೂ ಮುಟ್ಟಬಲ್ಲದು ಅಂತ ಅದರ ಕೈಪಿಡಿಯೇ ಎಚ್ಚರಿಸ್ತದೆ. ಆದ್ದರಿಂದ ಕೆಲಸದ ಕಂಪ್ಯೂಟರಿನಲ್ಲಿ ಪ್ರಯೋಗ ಬೇಡ. ಎಐ ಕೊಟ್ಟ ಉತ್ತರ ಹಿಡಿದುಕೊಂಡು ಆಫೀಸಿಗೆ ಹೋಗುವ ಮೊದಲು ಮೂಲ ಆದೇಶವನ್ನು ನೀವೇ ಒಮ್ಮೆ ಓದಿ.

ನಿಮ್ಮ ತಾಲೂಕಿನಿಂದ ಈ ವಾರ ಯಾವ ಆದೇಶ ಟೈಪ್ ಮಾಡ್ತೀರಿ? ಕೆಳಗೆ ತಿಳಿಸಿ. ಒಂದೇ ಆದೇಶವನ್ನು ಇಬ್ಬರು ಟೈಪ್ ಮಾಡುವುದು ಬೇಡ.