ಪರದೆಯಾಚೆಯ ಕುರ್ಚಿ

ವಿಮಾನ ಹತ್ತಿದವರಿಗೆಲ್ಲ ಆ ಪರದೆಯ ಪರಿಚಯವುಂಟು. ಅದರ ಈಚೆಗೆ, ಮುಂದಿನವರ ಕುರ್ಚಿಗೆ ಮೊಣಕಾಲು ತಾಗಿಸಿಕೊಂಡು ಕುಳಿತ ನಾವು ನೀವು. ಆಚೆಗೆ, ಕಾಲು ನೀಡಿ ಒರಗಿದವರು. “ಆ ಪರದೆಯನ್ನು ಕಡಿಮೆ ಖರ್ಚಿನಲ್ಲಿ ದಾಟುವ ಉಪಾಯವೇನಾದರೂ ಉಂಟೇ?” ಎಂದು ಸಂಘದ ಸದಸ್ಯರೊಬ್ಬರು ಕೇಳಿದ್ದಾರೆ.

ಕೇಳಿದ್ದು ಯಾರನ್ನು? ನಮ್ಮಂಥ ಗುಮಾಸ್ತರನ್ನು! ಕೇಂದ್ರ ಸರ್ಕಾರದ 2017ರ ಪ್ರಯಾಣ ಭತ್ಯೆಯ ನಿಯಮದಂತೆ ಬಿಸಿನೆಸ್ ಕ್ಲಾಸಿನ ಯೋಗ ವೇತನ ಶ್ರೇಣಿ 14 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ. 5 ಮತ್ತು ಅದಕ್ಕಿಂತ ಕೆಳಗಿನ ನಮಗೆ ರೈಲಿನ ಮೂರನೆಯ ಎ.ಸಿ. ಡಬ್ಬಿ. ಆದರೆ ಹಾರುವವರ ಬಿಲ್ಲುಗಳೆಲ್ಲ ಕೊನೆಗೆ ಬಂದು ಇಳಿಯುವುದು ಹಾರದವರ ಮೇಜಿನ ಮೇಲೆಯೇ. ಆದಕಾರಣ ಆ ಕುರ್ಚಿಯ ಸುಖ ತಿಳಿಯದಿದ್ದರೂ ಅದರ ಲೆಕ್ಕ ನಮಗೆ ತಿಳಿದಿದೆ.

ಮೊದಲು, ಈ ಪರದೆ ಬಂದ ಬಗೆ. 1970ರ ದಶಕದಲ್ಲಿ ರಿಯಾಯಿತಿ ಟಿಕೆಟ್ಟುಗಳು ಹೆಚ್ಚಿದವು. ಪೂರ್ತಿ ದರ ಕೊಟ್ಟ ವ್ಯಾಪಾರಸ್ಥರೂ ರಿಯಾಯಿತಿಯಲ್ಲಿ ಬಂದ ಪ್ರವಾಸಿಗರೂ ಅಕ್ಕಪಕ್ಕ ಕುಳಿತು ಒಂದೇ ಊಟ ಉಣ್ಣುವಂತಾಯಿತು. ವ್ಯಾಪಾರಸ್ಥರು ಗೊಣಗಿದರು. ಆ ದಶಕದ ಕೊನೆಯ ಹೊತ್ತಿಗೆ ವಿಮಾನ ಕಂಪನಿಗಳು ಅವರಿಗೆ ಬೇರೆ ಸಾಲು ಹಾಕಿಕೊಟ್ಟವು. ನಾವು ಊಟದ ಮನೆಯಲ್ಲಿ ಬಿಡಬೇಕೆಂದು ಹೆಣಗಿದ ಪಂಕ್ತಿಭೇದ ಹೀಗೆ ವಿಮಾನ ಹತ್ತಿ ಕುಳಿತಿತು. ಮುಂದೆ 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಪದೇ ಪದೇ ಹಾರುವವರಿಗೆ ಮೈಲಿಗಳ ಲೆಕ್ಕದಲ್ಲಿ ಬಹುಮಾನ ಕೊಡುವ ಪದ್ಧತಿಯನ್ನು ತಂದಿತು.

ಇದರಿಂದ ತಿಳಿಯುವುದಿಷ್ಟು: ಪರದೆಯಾಚೆಯ ದರ ಕಚೇರಿಯ ಖರ್ಚಿನಲ್ಲಿ ಹೋಗುವವರಿಗಾಗಿ ಕಟ್ಟಿದ ದರ. ಸಂಸಾರಸ್ಥರು ಅಲ್ಲಿಗೆ ಹೆಬ್ಬಾಗಿಲಿನಿಂದ ಹೋಗಬಾರದು. ಹಿತ್ತಲ ಬಾಗಿಲು ಹುಡುಕಬೇಕು.

ಹೆಬ್ಬಾಗಿಲಿನ ದರ ನೋಡಿ. 2024ರ ನವೆಂಬರಿನಲ್ಲಿ ಇಂಡಿಗೋ ಕಂಪನಿ ದೆಹಲಿ–ಮುಂಬಯಿ ನಡುವೆ ಇಂಥ ಕುರ್ಚಿಗಳನ್ನು ಹಾಕಿದಾಗ ಆರಂಭದ ದರ 18,018 ರೂಪಾಯಿ. ಹಾರಾಟ ಎರಡು ಗಂಟೆಯ ಆಚೀಚೆ. ಎಂದರೆ ಗಂಟೆಗೆ ಸುಮಾರು ಒಂಬತ್ತು ಸಾವಿರ! ಸಾಲದೆಂಬಂತೆ 22 ಸೆಪ್ಟೆಂಬರ್ 2025ರಿಂದ ಬಿಸಿನೆಸ್ ಕ್ಲಾಸಿನ ಜಿ.ಎಸ್.ಟಿ. ಶೇಕಡಾ 12ರಿಂದ 18ಕ್ಕೆ ಏರಿತು. ಇಕಾನಮಿಗೆ ಶೇಕಡಾ 5ರಲ್ಲೇ ಉಳಿಯಿತು. ಮುಂಬಯಿಯಿಂದ ಬೆಂಗಳೂರಿಗೆ ಹೋಗುವವರಿಗೆ ಇಷ್ಟು ಖರ್ಚು ಬೇಡವೇ ಬೇಡ. ಇಕಾನಮಿಯಲ್ಲೇ ಮೊದಲ ಸಾಲಿನ ಅಥವಾ ತುರ್ತು ಬಾಗಿಲ ಬಳಿಯ ಕುರ್ಚಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಕಾಲಿಗೆ ಜಾಗ ಸಿಗುತ್ತದೆ. ತುರ್ತು ಬಾಗಿಲ ಬಳಿ ಮಾತ್ರ ವೃದ್ಧರನ್ನೂ ಮಕ್ಕಳನ್ನೂ ಕೂರಿಸುವುದಿಲ್ಲ, ನೆನಪಿರಲಿ.

ದೂರದ ಪ್ರಯಾಣದ ಮಾತೇ ಬೇರೆ. ಮುಂಬಯಿಯಿಂದ ನ್ಯೂಯಾರ್ಕಿನ ಕಡೆಗೆ ಎಲ್ಲೂ ನಿಲ್ಲದೆ ಹಾರಿದರೂ ಹದಿನೈದು ಗಂಟೆ ಬೇಕು. ಅಲ್ಲಿ ಆ ಕುರ್ಚಿ ಹಾಸಿಗೆಯಾಗುತ್ತದೆ. ನಾವು ಹೇಳುವ ಹಿತ್ತಲ ಬಾಗಿಲುಗಳು ಮೂರು.

ಒಂದು, ಪಾಯಿಂಟುಗಳು. ಕಚೇರಿಯ ಕೆಲಸಕ್ಕಾಗಿ ಹಾರಾಡುವ ಮಕ್ಕಳ ಖಾತೆಯಲ್ಲಿ ಇವು ಕೂಡಿರುತ್ತವೆ. ವಾಯಿದೆ ಮುಗಿದು ಸತ್ತೂ ಹೋಗುತ್ತವೆ. ಪಾಯಿಂಟಿನ ಟಿಕೆಟ್ಟಿಗೂ ತೆರಿಗೆ ಮೊದಲಾದವನ್ನು ನಗದಾಗಿ ಕೊಡಬೇಕು. ಆ ಮೊತ್ತವನ್ನು ಮೊದಲೇ ನೋಡಿಕೊಳ್ಳಿ. ಕ್ರೆಡಿಟ್ ಕಾರ್ಡಿನಿಂದಲೂ ಪಾಯಿಂಟು ಕೂಡಿಸಬಹುದು. ಆದರೆ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೇಲೆ ಬಡ್ಡಿ ಬೀಳುವುದುಂಟು. ಪಾಯಿಂಟು ಆಕಾಶಕ್ಕೇರುವ ಮೊದಲು ಸಂಸಾರ ನೆಲಕ್ಕಿಳಿಯುತ್ತದೆ.

ಎರಡು, ಹರಾಜು. ಇಕಾನಮಿ ಟಿಕೆಟ್ಟು ಕೊಂಡವರಿಂದ ಕೆಲವು ಕಂಪನಿಗಳು ಖಾಲಿ ಉಳಿದ ಬಿಸಿನೆಸ್ ಕುರ್ಚಿಗಳಿಗೆ ಬೆಲೆ ಕೂಗಿಸುತ್ತವೆ. ತರಕಾರಿ ಮಂಡಿಗೆ ಸಂಜೆ ಹೋದಂತೆ ಇದು. ಸಿಕ್ಕರೆ ಲಾಭ, ಸಿಗದಿದ್ದರೆ ಕೊಂಡ ಕುರ್ಚಿ ಇದ್ದೇ ಇದೆ. ಅತಿ ಅಗ್ಗದ ಟಿಕೆಟ್ಟುಗಳಿಗೆ ಈ ಅವಕಾಶವೇ ಇಲ್ಲದಿರುವುದುಂಟು. ಕೊಳ್ಳುವ ಮೊದಲೇ ನಿಬಂಧನೆ ಓದಬೇಕು.

ಮೂರು, ಅರ್ಧ ದಾರಿ. ಇದೇ ಸಂಸಾರಸ್ಥರಿಗೆ ತಕ್ಕದ್ದು. ಡೊಂಬಿವಲಿಯಲ್ಲಿರುವ, ಧಾರವಾಡದ ಕಡೆಯ ಹಿರಿಯ ದಂಪತಿಗಳು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದರು. ಆಕೆಗೆ ಎರಡೂ ಮೊಣಕಾಲು ನೋವು. ಮಗ ಬಿಸಿನೆಸ್ ಕ್ಲಾಸಿನ ಮಾತೆತ್ತಿದ. ದರ ಕೇಳಿದ ಆಕೆ, “ಅಷ್ಟ ರೊಕ್ಕದಾಗ ಊರಾಗಿನ ಮನಿ ಮಾಳಿಗಿ ರಿಪೇರಿ ಆಗ್ತದಲ್ಲೋ ತಮ್ಮಾ! ನಾ ಹಿಂದ ಕುಂತ ಹೋಗ್ತೀನಿ” ಎಂದರು. ರಾಯರು, “ಅಕೀಗೆ ಒಂದ ಮಾಡಸು, ನಾ ಹಿಂದ ಕೂಡ್ತೀನಿ” ಎಂದರು. ಅದಕ್ಕೂ ಆಕೆ ಒಪ್ಪಲಿಲ್ಲ. “ರಾತ್ರಿ ನಿಮ್ಮ ಗುಳಿಗಿ ಯಾರ ಕೊಡ್ತಾರ್ರೀ?”

ಮಗ ಜಾಣ. ಯುರೋಪಿನಲ್ಲಿ ವಿಮಾನ ಬದಲಿಸುವ ದಾರಿ ಹಿಡಿದ. ಮುಂಬಯಿಯಿಂದ ನಡುರಾತ್ರಿ ಹೊರಡುವ ಮೊದಲ ಹಾರಾಟಕ್ಕೆ ಮಾತ್ರ ತನ್ನ ಪಾಯಿಂಟುಗಳಿಂದ ಇಬ್ಬರಿಗೂ ಪರದೆ ದಾಟಿಸಿದ. ಮುಂದಿನ ಹಗಲು ಹಾರಾಟವನ್ನು ಹಿಂದಿನ ಕುರ್ಚಿಯಲ್ಲೇ ಉಳಿಸಿದ. ನಿದ್ದೆಯ ಹೊತ್ತಿಗೆ ಹಾಸಿಗೆ, ಎಚ್ಚರದ ಹೊತ್ತಿಗೆ ಕುರ್ಚಿ. ಆಕೆ ಇಳಿದ ಮರುದಿನವೇ ಮಗಳ ಮನೆಯಲ್ಲಿ ಒಲೆಯ ಮುಂದೆ ನಿಂತರಂತೆ.

ಇನ್ನೊಂದು ಮಾತು. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಆ ಅಪಾಯ ಸುಮಾರು ಇಮ್ಮಡಿಯೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆದರೂ ಅದು ತಟ್ಟುವುದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ. ಜನ ಇದನ್ನು ಇಕಾನಮಿ ಕ್ಲಾಸಿನ ಕಾಯಿಲೆ ಎನ್ನುವುದುಂಟು. ಆದರೆ ಕಾರಣ ಕ್ಲಾಸಲ್ಲ, ಅಲುಗಾಡದೆ ಕೂರುವುದು; ಬಸ್ಸು, ರೈಲುಗಳಲ್ಲೂ ಇದು ಬರಬಲ್ಲದು. ಪರದೆಯ ಯಾವ ಕಡೆ ಕುಳಿತರೂ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಹಿಂದೆ ಈ ಕಾಯಿಲೆ ಬಂದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಆದ್ದರಿಂದ ವಾಚಕರೇ, ದೊಡ್ಡಸ್ತಿಕೆಗಾಗಿ ಪರದೆ ದಾಟುವುದಾದರೆ ನಮ್ಮ ಸಲಹೆ ಬೇಡ. ಮನೆಯ ಹಿರಿಯರ ನೋಯುವ ಕಾಲಿಗಾಗಿ ಆದರೆ ಸಂಕೋಚವೂ ಬೇಡ. ಬಾಣಂತನದ ಪ್ರಯಾಣಕ್ಕೆ ಒಂದು ಅನುಕೂಲವಿದೆ: ತಾರೀಖು ಐದಾರು ತಿಂಗಳು ಮೊದಲೇ ತಿಳಿದಿರುತ್ತದೆ. ಸಿಹಿ ಸುದ್ದಿ ಬಂದ ದಿನವೇ ಕುಬಸದ ಸೀರೆಯ ಮಾತಿನ ಜೊತೆಗೆ, “ನಿನ್ನ ಖಾತೆಯಲ್ಲಿ ಪಾಯಿಂಟು ಎಷ್ಟಿವೆ?” ಎಂದು ಮಗನನ್ನೋ ಅಳಿಯನನ್ನೋ ಕೇಳಿಬಿಡಿ.