ಕಾರ್ಮಿಕರ ಸುರಕ್ಷಿತತೆಯ ಶಿಕ್ಷಣ

ವೃತ್ತಿಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಪರಿಸ್ಥಿತಿಗಳನ್ನು ಕುರಿತ ೨೦೨೦ನೆಯ ಇಸವಿಯ ಸಂಹಿತೆಯು ೨೦೨೫ನೆಯ ನವೆಂಬರ ೨೧ರಿಂದ ಜಾರಿಗೆ ಬಂದು, ಸ್ವಾತಂತ್ರ್ಯದ ಮರುವರ್ಷ ರಚಿತವಾದ ಕಾರ್ಖಾನೆಗಳ ಕಾಯಿದೆಯ ಸ್ಥಾನವನ್ನು ತೆಗೆದುಕೊಂಡಿದೆ. ಕೆಲಸಗಾರರಿಗೆ ತಿಳಿವಳಿಕೆಯನ್ನೂ ತರಬೇತನ್ನೂ ಕೊಡತಕ್ಕ ಹೊಣೆಯನ್ನು ಅದು ಧಣಿಗಳ ಮೇಲೆಯೇ ಹೊರಿಸಿರುವದು ಯೋಗ್ಯವೇ ಸರಿ. ಆದರೆ ಕಾಗದದ ಮೇಲಿನ ಹೊಣೆಯು ಯಂತ್ರದ ಮುಂದೆ ನಿಂತವನ ಕೈಯನ್ನು ಕಾಯಲಾರದು. ಅದನ್ನು ನೆರವೇರಿಸುವ ಯೋಜನೆಯು ಹೇಗಿರಬೇಕೆಂಬುದೇ ಇಂದಿನ ಪ್ರಶ್ನೆ.

ಇದಕ್ಕೆ ಉತ್ತರವನ್ನು ಹುಡುಕುವವರು ಮೊದಲು ಭೋಪಾಳದ ಕಡೆಗೆ ನೋಡಬೇಕು. ೧೯೮೪ನೆಯ ಡಿಸೆಂಬರ ೨ರ ರಾತ್ರಿ ಅಲ್ಲಿಯ ಯೂನಿಯನ್ ಕಾರ್ಬಾಯಿಡ್ ಕಾರ್ಖಾನೆಯ ತೊಟ್ಟಿಯೊಂದರೊಳಗೆ ನೀರು ಸೇರಿ, ಸುಮಾರು ೪೦ ಟನ್ನು ವಿಷವಾಯುವು ಊರ ಮೇಲೆ ಕವಿಯಿತು. ತೊಟ್ಟಿಯನ್ನು ತಂಪಾಗಿಡುವ ಯಂತ್ರವು ತಿಂಗಳುಗಟ್ಟಲೆ ನಿಂತಿತ್ತು. ವಾಯುವನ್ನು ಸುಡುವ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಸರಕಾರವು ಮೊದಲಿಗೆ ಒಪ್ಪಿಕೊಂಡ ಮರಣಸಂಖ್ಯೆಯೇ ೨,೨೫೯. ಅಲ್ಲಿ ತರಬೇತಿನ ಅವಧಿಯನ್ನು ಮೊಟಕುಗೊಳಿಸಲಾಗಿತ್ತು, ಕೈಪಿಡಿಗಳು ಇಂಗ್ಲೀಷಿನಲ್ಲಿದ್ದವು. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿರೆಂಬ ಸಣ್ಣ ಮಾತನ್ನೂ ನೆರೆಯ ಜನರಿಗೆ ಮುಂಚಿತವಾಗಿ ಯಾರೂ ಕಲಿಸಿರಲಿಲ್ಲ. ತರಬೇತು ಕೆಲಸಗಾರನ ಹಕ್ಕೆಂದು ೧೯೮೭ರಲ್ಲಿ ಕಾಯಿದೆಯನ್ನು ತಿದ್ದಿ ಬರೆದದ್ದು ಈ ಸಾವುಗಳ ತರುವಾಯವೇ!

ಅಪಘಾತವಾದೊಡನೆ ಕೆಲಸಗಾರನ ಅಜಾಗರೂಕತೆಯೇ ಕಾರಣವೆಂದು ಹೇಳುವ ವಾಡಿಕೆ ನಮ್ಮಲ್ಲಿ ಉಂಟು. ಕಲಿಸದವರಿಗೆ ತಪ್ಪು ಹೊರಿಸುವ ಅಧಿಕಾರವೆಲ್ಲಿಯದು? ತರಬೇತಿನಿಂದ ಕೆಲಸದ ಹೊತ್ತು ಕೆಡುವದೆಂದು ಧಣಿಗಳು ಆಕ್ಷೇಪಿಸಬಹುದು. ಆದರೆ ಒಂದು ಸ್ಫೋಟದಿಂದ ಕೆಡುವ ಹೊತ್ತನ್ನು ಯಾವ ಲೆಕ್ಕದಲ್ಲಿ ಹಿಡಿಯುವರು?

ನಮ್ಮ ಅಭಿಪ್ರಾಯದಲ್ಲಿ, ಯಾವ ಕೆಲಸದಲ್ಲಿ ಯಾವ ಅಪಾಯವಿದೆಯೆಂಬುದನ್ನು ಅದನ್ನು ಮಾಡುವವರನ್ನೇ ಕೇಳಿ ಮೊದಲು ಪಟ್ಟಿ ಮಾಡತಕ್ಕದ್ದು. ಹೊಸಬನನ್ನು ಯಂತ್ರಕ್ಕೆ ಹಚ್ಚುವ ಮುಂಚೆಯೇ ಕಲಿಸತಕ್ಕದ್ದು. ಗಣಿಗಳಿಗೆ ೧೯೬೬ರ ನಿಯಮಗಳು ಈ ಕ್ರಮವನ್ನು ಹಾಕಿಕೊಟ್ಟಿದ್ದವು. ಶಿಕ್ಷಣವು ಕಲಿಯುವವನ ಭಾಷೆಯಲ್ಲಿರಬೇಕು: ಪೀಣ್ಯದ ಕನ್ನಡಿಗನಿಗೆ ಕನ್ನಡದಲ್ಲಿ, ಬಿಹಾರ-ಒಡಿಶಾಗಳಿಂದ ಬಂದವನಿಗೆ ಅವನ ಮಾತಿನಲ್ಲಿ. ಬೆಂಕಿ ಬಿದ್ದಾಗ ಹೊರಬೀಳುವ ದಾರಿಯನ್ನು ಬಾಯಿಂದ ಹೇಳಿದರೆ ಸಾಲದು. ನಡೆಸಿ ತೋರಿಸಬೇಕು, ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು. ಗುತ್ತಿಗೆಯ ಆಳುಗಳನ್ನು ಇದರಿಂದ ಹೊರಗಿಡಕೂಡದು. ಕಲಿಯುವ ಹೊತ್ತಿಗೂ ಕೂಲಿ ಸಲ್ಲಬೇಕು. ಎಲ್ಲಕ್ಕೂ ಮಿಗಿಲಾಗಿ, ಅಪಾಯವನ್ನು ಕಂಡು ಯಂತ್ರವನ್ನು ನಿಲ್ಲಿಸಿದವನಿಗೆ ದಂಡವಾಗಬಾರದು. ಆ ಅಭಯವಿಲ್ಲದಿದ್ದರೆ ಕಲಿತದ್ದೂ ನಿಷ್ಫಲ.

ಮಾರ್ಚ ೪ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಓದಿಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯದು. ತಪಾಸಣೆಗೆ ಬರುವ ಅಧಿಕಾರಿಯು ಸಹಿಗಳ ದಫ್ತರನ್ನು ಬದಿಗಿಟ್ಟು, ತೀರ ಹೊಸಬನಾದ ಕೆಲಸಗಾರನನ್ನು ಕರೆದು, ಈ ಕೊಳವೆ ಸೋರಿದರೆ ಏನು ಮಾಡಬೇಕೆಂದು ಕೇಳಲಿ. ಅವನು ಕೊಡುವ ಉತ್ತರವೇ ಆ ಕಾರ್ಖಾನೆಯ ನಿಜವಾದ ಪರೀಕ್ಷೆ.